ಅಳತೆಗೆ ಕೊಟ್ಟ ರಕ್ತ

ದಮಯಂತಿ ಅಕ್ಕ, ನಿಮ್ಮ ಮಗ ಚರಣನ ರಕ್ತದ ವರದಿ ಸುಳ್ಳು. ‘ಯಾವುದೇ ಬದಲಾವಣೆ ಕಂಡುಬಂದಿಲ್ಲ’ ಎಂದು ಅದರಲ್ಲಿ ಬರೆದವಳು ನಾನು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಬದಲಾವಣೆ ಇತ್ತು. ಅದು ನಿಮ್ಮಿಂದ ಬಂದದ್ದಲ್ಲ ಎಂಬುದೂ ಗೊತ್ತಿತ್ತು. ಆರು ವರ್ಷ — ಈ ಎರಡು ಮಾತನ್ನು ಬಾಯೊಳಗೆ ಇಟ್ಟುಕೊಂಡೇ ಆರು ವರ್ಷ ಉಂಡೆ, ಪಾಠ ಮಾಡಿದೆ, ಬಸ್ಸು ಹತ್ತಿ ಇಳಿದೆ.

ನಿಮಗೆ ನಾನು ‘ಲ್ಯಾಬಿನ ತಂಗಿ’. ಅದಕ್ಕಿಂತ ಹೆಚ್ಚು ನಿಮಗೆ ತಿಳಿದಿರಲಿಲ್ಲ, ನಾನು ತಿಳಿಸಲೂ ಇಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ. ಈ ಕಾಗದವನ್ನು ನೀವೇ ಓದಬಹುದು, ಇಲ್ಲ ನಿಮ್ಮ ತಂಗಿಯಿಂದ ಜೋರಾಗಿ ಓದಿಸಬಹುದು. ಯಾರು ಕೇಳಿದರೂ ನನಗೆ ಅಡ್ಡಿಯಿಲ್ಲ.

ಬೆಟ್ಟಂಪಾಡಿಯಲ್ಲಿ ಐದು ಸೆಂಟ್ಸಿನ ಜಾಗದಲ್ಲಿ ನಮ್ಮ ಮನೆ. ಅಪ್ಪ ಪುತ್ತೂರಿನ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು, ಈಗಲೂ ಕಟ್ಟುತ್ತಾರೆ. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಡಿಗ್ರಿಯ ಕಾಗದ ಮನೆಗೆ ತಂದವರು ಯಾರೂ ಇರಲಿಲ್ಲ, ನಾನೇ ಮೊದಲು. ಅದರ ಮೇಲೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ — ಸುಳ್ಳು ಯಾಕೆ ಹೇಳಲಿ. ಆ ನೆಟ್ಟಗಿನ ಬೆನ್ನೇ ನಿಮ್ಮ ಮೇಲೆ ಬಿದ್ದದ್ದು.

ಓದು ಮುಗಿದ ಮೇಲೆ ಪುತ್ತೂರಿನ ಒಂದು ಆಸ್ಪತ್ರೆಯ ಮಾಳಿಗೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮಾತು ಬಾರದ, ಫಿಟ್ಸ್ ಬರುವ ಮಕ್ಕಳ ರಕ್ತದಲ್ಲಿ ಕಾರಣ ಹುಡುಕುವ ಯೋಜನೆ. ನಡೆಸುತ್ತಿದ್ದವರು ಒಬ್ಬರು ಹಿರಿಯ ಮಕ್ಕಳ ಡಾಕ್ಟರು, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ರಕ್ತವನ್ನು ಓದುವ ಯಂತ್ರ ದೂರದ ಊರಿನಲ್ಲಿತ್ತು. ಅಲ್ಲಿಂದ ಬರುವ ಅಂಕಿಗಳ ರಾಶಿಯಿಂದ ಅರ್ಥ ತೆಗೆಯುವುದು ನನ್ನ ಪಾಲು.

ಆ ಕೆಲಸ ಎಂತದ್ದು ಎಂದು ನಿಮಗೆ ನಾನು ಯಾವತ್ತೂ ಬಿಡಿಸಿ ಹೇಳಲಿಲ್ಲ. ಕೇಳಿ. ನಮ್ಮ ಒಂದೊಂದು ಜೀವಕೋಶದಲ್ಲೂ ತಂದೆಯಿಂದ ಬಂದ ಒಂದು, ತಾಯಿಯಿಂದ ಬಂದ ಒಂದು, ಹೀಗೆ ಡಿಎನ್‌ಎಯ ಪ್ರತಿಯೊಂದು ತುಂಡೂ ಎರಡೆರಡು ಪ್ರತಿ ಇರುತ್ತದೆ. ಕೆಲವರಲ್ಲಿ ಎಲ್ಲೋ ಒಂದು ತುಂಡು ಒಂದೇ ಪ್ರತಿ ಇರುತ್ತದೆ, ಕೆಲವರಲ್ಲಿ ಮೂರು. ಕಣ್ಣಿಗೆ ಕಾಣುವುದಿಲ್ಲ, ಎಣಿಸಿ ತಿಳಿಯಬೇಕು. ಯಂತ್ರ ಡಿಎನ್‌ಎಯನ್ನು ಚೂರು ಮಾಡಿ ಓದುತ್ತದೆ. ಯಾವ ಜಾಗದಿಂದ ಎಷ್ಟು ಚೂರು ಬಂತು ಎಂದು ಎಣಿಸಿ, ಆರೋಗ್ಯವಂತರೊಬ್ಬರ ಎಣಿಕೆಯ ಪಕ್ಕ ಇಟ್ಟು ನೋಡುತ್ತೇವೆ. ಇಬ್ಬರೂ ಸಮ ಇದ್ದರೆ ಗೆರೆ ಮಟ್ಟವಾಗಿ ಹೋಗುತ್ತದೆ. ಮಗುವಿನಲ್ಲಿ ತುಂಡು ಕಮ್ಮಿ ಇದ್ದರೆ ಅಲ್ಲಿ ಗೆರೆ ಕೆಳಗಿಳಿಯುತ್ತದೆ, ಹೆಚ್ಚಿದ್ದರೆ ಮೇಲೇರುತ್ತದೆ.

ಕೇಳಲು ಸುಲಭ. ಆದರೆ ಪರದೆಯ ಮೇಲೆ ಗೆರೆ ಅಂತ ಒಂದು ಇರುವುದಿಲ್ಲ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು ಇರುತ್ತವೆ. ಎಲ್ಲಿ ಸರಾಸರಿ ನಿಜವಾಗಿ ಬದಲಾಯಿತು, ಎಲ್ಲಿ ಸುಮ್ಮನೆ ಅಲುಗಾಡಿತು ಎಂದು ತೀರ್ಮಾನ ಮಾಡಬೇಕು. ಒಂದು ಕಡೆ ಕಡಿದು ನೋಡುವುದು, ಎರಡೂ ಬದಿಯ ಸರಾಸರಿ ಬೇರೆ ಹೌದೋ ಎಂದು ಪರೀಕ್ಷಿಸುವುದು, ಸುಮ್ಮಸುಮ್ಮನೆ ಕಡಿಯದಂತೆ ಪ್ರತಿ ಕಡಿತಕ್ಕೂ ಒಂದು ದಂಡ ಇಡುವುದು. ದಂಡ ಕಮ್ಮಿ ಇಟ್ಟರೆ ಇಲ್ಲದ್ದು ಕಾಣುತ್ತದೆ. ಹೆಚ್ಚು ಇಟ್ಟರೆ ಇದ್ದದ್ದು ಮಾಯವಾಗುತ್ತದೆ. ಎಷ್ಟು ಇಡಬೇಕೆಂದು ನಿಶ್ಚಯಿಸುವವಳು ನಾನು — ಬೀಡಿ ಕಟ್ಟುವವಳ ಮಗಳು. ಆ ಕುರ್ಚಿಯಲ್ಲಿ ಕೂತಾಗ ನನಗೆ ಎಷ್ಟು ಸುಖ ಆಗುತ್ತಿತ್ತು!

ಪಕ್ಕದಲ್ಲಿಟ್ಟು ನೋಡಲು ಆರೋಗ್ಯವಂತರ ರಕ್ತ ಬೇಕಾಯಿತು. ಹಲವರದ್ದು ಇರಬೇಕು, ನಮಗೆ ಸಿಕ್ಕಿದ್ದು ಮೂವರದ್ದು. ಕರೆಂಟು ಹೋಗಿ ಫ್ರೀಜರ್ ಆರಿದ ಒಂದು ವಾರಾಂತ್ಯದಲ್ಲಿ ಎರಡು ಹಾಳಾದವು. ಆಗಲೇ ಯಂತ್ರಕ್ಕೆ ಹೋಗಿದ್ದ ಒಂದೇ ಒಂದು ಉಳಿಯಿತು. ಸದ್ಯಕ್ಕೆ ಇದರಲ್ಲಿ ನಡೆಸುವ, ಆಮೇಲೆ ಬೇರೆಯವರದ್ದು ತೆಗೆಯುವ ಎಂದು ಮೇಡಂ ಹೇಳಿದರು. ಆ ಉಳಿದದ್ದು ನನ್ನ ರಕ್ತ.

ರಕ್ತ ಕೊಡುವ ಮೊದಲು ಒಂದು ಫಾರ್ಮು ತುಂಬಬೇಕಿತ್ತು. ‘ಕುಟುಂಬದಲ್ಲಿ ಫಿಟ್ಸ್, ಮಾತು ಬಾರದಿರುವುದು, ಬುದ್ಧಿಯ ಬೆಳವಣಿಗೆಯಲ್ಲಿ ಕುಂದು, ಚಿಕ್ಕ ವಯಸ್ಸಿನ ಮರಣ — ಇದೆಯೇ?’ ಮುಂದೆ ಎರಡು ಚೌಕ. ನಾನು ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದೆ. ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ.

ನನಗೆ ಒಬ್ಬ ಅಣ್ಣ ಇದ್ದ. ಅಪ್ಪು. ಅವನಿಗೆ ಮಾತು ಬರುತ್ತಿರಲಿಲ್ಲ. ಫಿಟ್ಸ್ ಬರುತ್ತಿತ್ತು, ಬರುವ ಮೊದಲು ಒಮ್ಮೆ ನಗುತ್ತಿದ್ದ. ಯಾರಾದರೂ ಹೊಸಬರು ಬಂದರೆ ಹತ್ತಿರ ಹೋಗಿ, ಮುಖಕ್ಕೆ ಮುಖ ತಂದು, ಅವರ ಕಣ್ಣಿಗೆ ಮೆಲ್ಲ ಉಫ್ ಎಂದು ಊದುತ್ತಿದ್ದ, ಧೂಳು ಹೋಗಲು ತಾಯಂದಿರು ಊದುವ ಹಾಗೆ. ಒಂಬತ್ತು ವರ್ಷಕ್ಕೆ ತೀರಿಹೋದ. ನನಗೆ ಆಗ ಆರು. ಆ ದಿನದ ನಂತರ ಅವನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಎಷ್ಟು ಮಕ್ಕಳು ಎಂದು ಕೇಳಿದರೆ ಅಮ್ಮ ‘ಒಬ್ಬಳು’ ಎನ್ನುತ್ತಿದ್ದರು. ನಮ್ಮ ಕಡೆ ಹಾಗೇ ಅಲ್ಲವಾ ಅಕ್ಕ — ಹೋದ ಮಗುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ನಾನು ಆ ರೂಢಿಗಾಗಿ ‘ಇಲ್ಲ’ ಬರೆದದ್ದಲ್ಲ. ಎಲ್ಲರನ್ನೂ ಅಳೆಯುವ ಅಳತೆ ನಾನಾಗಬೇಕಿತ್ತು. ಇಡೀ ತಾಲೂಕಿನ ಮಕ್ಕಳನ್ನು ಪಕ್ಕದಲ್ಲಿಟ್ಟು ನೋಡುವ ಸರಿಯಾದ ಮನುಷ್ಯಳು ನಾನು — ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಇನ್ನೊಂದು ಹೇಳಿದರೆ ನೀವು ನನ್ನನ್ನು ಸರಿಯಾಗಿ ಅಳೆಯುತ್ತೀರಿ. ಮನೆಮನೆಗೆ ಹೋಗಿ ಆ ಫಾರ್ಮು ತುಂಬಿಸುವ ಕೆಲಸವೂ ನನ್ನದೇ ಆಗಿತ್ತು, ಅರಂತೋಡಿನ ಕಡೆಗೆ ಆಶಾ ಕಾರ್ಯಕರ್ತೆ ಸರೋಜಕ್ಕನ ಜೊತೆ. ಎಲ್ಲರೂ ‘ಇಲ್ಲ’ ಎನ್ನುತ್ತಿದ್ದರು. ಆಗ ನನಗೆ ಒಂದು ಉಪಾಯ ಹೊಳೆಯಿತು. ಕಾಯಿಲೆಯ ಸುದ್ದಿಯೇ ಎತ್ತದೆ, ಮಳೆಗಾಲದ ಆಟಿ ತಿಂಗಳಲ್ಲಿ, ಸತ್ತವರಿಗೆ ಬಡಿಸುವಾಗ ನೀವು ಎಷ್ಟು ಎಲೆ ಹಾಕುತ್ತೀರಿ ಎಂದು ಕೇಳುವುದು. ಹೋದವರಿಗೆ ಒಬ್ಬೊಬ್ಬರಿಗೆ ಒಂದು ಎಲೆ. ಅದರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಹೇಳಲು ಹೆದರುತ್ತಾರೆ. ಎಲೆ ಎಷ್ಟು ಎಂದು ಬರೆದುಕೊಂಡು, ಒಂದೊಂದು ಎಲೆ ಯಾರದ್ದು ಎಂದು ಮೆಲ್ಲ ಕೇಳುತ್ತಾ ಹೋದರೆ ಕೊನೆಗೆ ಒಂದು ಎಲೆ ಉಳಿಯುತ್ತಿತ್ತು. ಅಲ್ಲಿ ಮನೆಯವರು ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವಿಕೆಯೇ ನಮಗೆ ಬೇಕಾದ ಉತ್ತರ.

“ಸತ್ತವರ ಎಲೆ ಲೆಕ್ಕ ಮಾಡ್ಲಿಕ್ಕೂ ಡಿಗ್ರಿ ಉಂಟಾ ಮಾರಾಯ್ತಿ?” ಎಂದು ಸರೋಜಕ್ಕ ದಾರಿಯಲ್ಲಿ ತಮಾಷೆ ಮಾಡುತ್ತಿದ್ದರು. ಮೇಡಂ ಮಾತ್ರ ನನ್ನನ್ನು ಎಲ್ಲರೆದುರು ಹೊಗಳಿದರು. ನಾನು ಹೊಗಳಿಸಿಕೊಂಡೆ.

ಅರಂತೋಡಿನಲ್ಲಿ ಮಡಿಕೇರಿ ರಸ್ತೆಯ ಬದಿಯಲ್ಲಿ ನಿಮ್ಮ ಯಜಮಾನರ ಟೈರು ಅಂಗಡಿ, ಅದರ ಹಿಂದೆ ನಿಮ್ಮ ಮನೆ. ನಾವು ಬಂದದ್ದು ಮಧ್ಯಾಹ್ನ. ನಿಮ್ಮ ಅತ್ತೆ ಜಗಲಿಯಲ್ಲಿ ಕೂತಿದ್ದರು. ಎಷ್ಟು ಎಲೆ ಎಂದು ಕೇಳಿದೆ. ಐದು ಎಂದರು. ಮಾವನವರದ್ದು, ಅತ್ತೆಯವರದ್ದು, ಗಂಡನದ್ದು, ನಾದಿನಿಯದ್ದು — ನಾಲ್ಕು ಹೇಳಿ ಎಲೆಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಐದನೆಯದು ಯಾರದ್ದು ಎಂದು ಕೇಳಿದೆ. ಅವರು ನನ್ನನ್ನು ನೋಡಲಿಲ್ಲ, ಬಾಗಿಲಿನ ಹತ್ತಿರ ನಿಂತಿದ್ದ ನಿಮ್ಮನ್ನು ನೋಡಿ ಹೇಳಿದರು: “ನಮ್ಮ ಕಡೇಲಿ ಹಿಂಗೆ ಯಾರೂ ಇಲ್ಲೆ.”

ನೀವು ತಲೆ ತಗ್ಗಿಸಿದಿರಿ. ಆಗ ಒಳಗಿನಿಂದ ಚರಣ ಬಂದ, ಐದು ವರ್ಷದ ಹುಡುಗ. ನೆಟ್ಟಗೆ ನನ್ನ ಹತ್ತಿರ ಬಂದು, ಮುಖಕ್ಕೆ ಮುಖ ತಂದು, ನನ್ನ ಕಣ್ಣಿಗೆ ಮೆಲ್ಲ ಊದಿದ.

ಅದೇ ಉಸಿರು. ಅದೇ ಹಾಲಿನ, ಔಷಧಿಯ ಸಿಹಿಯ ವಾಸನೆ. ‘ಅವನು ಎಲ್ಲರಿಗೂ ಹಾಗೆ ಮಾಡುದು, ತಪ್ಪು ತಿಳ್ಕೊಳ್ಬೇಡಿ’ ಎಂದು ನೀವು ಅವನನ್ನು ಎಳೆದುಕೊಂಡಿರಿ. ನಾನು ಕಣ್ಣು ಒರೆಸಿ, ನಿಮ್ಮ, ನಿಮ್ಮ ಯಜಮಾನರ, ಚರಣನ ರಕ್ತದ ಟ್ಯೂಬುಗಳ ಮೇಲೆ ಹೆಸರು ಬರೆದೆ. ಐದನೆಯ ಎಲೆಯ ಬಗ್ಗೆ ಫಾರ್ಮಿನಲ್ಲಿ ಏನೂ ಬರೆಯಲಿಲ್ಲ — ಯಾಕೆ ಬರೆಯಲಿಲ್ಲ ಎಂದು ನನಗೇ ಆಗ ತಿಳಿಯಲಿಲ್ಲ.

ಮೊದಲ ಕಂತಿನ ಅಂಕಿಗಳು ಬಂದಾಗ ಎಲ್ಲರ ಗೆರೆಯಲ್ಲೂ ಒಂದೇ ಜಾಗದಲ್ಲಿ ಒಂದು ಮೆಟ್ಟಿಲು ಕಾಣಿಸಿತು. ಹದಿನೈದನೆಯ ಕ್ರೋಮೋಸೋಮಿನಲ್ಲಿ. ಅಲ್ಲಿಯವರೆಗೆ ಮಟ್ಟವಾಗಿ ಬಂದ ಗೆರೆ ಇದ್ದಕ್ಕಿದ್ದಂತೆ ಮೇಲೆ ಹತ್ತಿ, ಸ್ವಲ್ಪ ದೂರ ಹೋಗಿ, ಮತ್ತೆ ಇಳಿಯುತ್ತಿತ್ತು. ಕಡಬದ ಹುಡುಗಿಯಲ್ಲಿ, ಸುಳ್ಯದ ಅವಳಿಗಳಲ್ಲಿ, ಅವರ ತಾಯಂದಿರಲ್ಲಿ, ತಂದೆಯಂದಿರಲ್ಲಿ. ದಂಡ ಎಷ್ಟು ಹೆಚ್ಚಿಸಿದರೂ ಅದು ಅಳಿಯಲಿಲ್ಲ. ನಾನು ಕುಣಿದಾಡಿದೆ, ಅಕ್ಕ. ನಮ್ಮೂರಿನವರಿಗೆಲ್ಲ ಬೇರೆಲ್ಲೂ ಇಲ್ಲದ ಒಂದು ತುಂಡು ಹೆಚ್ಚಿಗೆ ಇದೆ, ಅದನ್ನು ಕಂಡುಹಿಡಿದವಳು ನಾನು, ಇದನ್ನು ಪ್ರಬಂಧ ಮಾಡಿ ಪ್ರಕಟಿಸಬೇಕು — ಎರಡು ದಿನ ಅದೇ ಅಮಲು.

ಮೂರನೆಯ ದಿನ ಅಮ್ಮನ ತಗಡು ನೆನಪಾಯಿತು. ಬೀಡಿಯ ಎಲೆಯನ್ನು ಒಂದು ತಗಡಿನ ತುಂಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುತ್ತಾರೆ. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಒಂದು ವಾರವಿಡೀ ಬೀಡಿ ಡಿಪೋದವರು ಅಮ್ಮನ ಬೀಡಿಗಳನ್ನು ಗಿಡ್ಡವೆಂದು ತೆಗೆದುಹಾಕಿದರು. ಎಲೆ ಒಳ್ಳೆಯದು, ಕೈ ಪಳಗಿದ್ದು. ಅಮ್ಮ ಕೊನೆಗೆ ತನ್ನ ತಗಡನ್ನು ಪಕ್ಕದ ಮನೆಯವರ ತಗಡಿನ ಮೇಲೆ ಇಟ್ಟು ನೋಡಿದರು. ಒಂದು ಮೂಲೆ ಮಡಚಿಹೋಗಿತ್ತು. ‘ಎಲ್ಲ ಎಲೆಯೂ ಒಂದೇ ಕಡೆ ತಪ್ಪಿದರೆ ತಪ್ಪು ಎಲೆಯದ್ದಲ್ಲ, ತಗಡಿನದ್ದು’ ಎಂದು ನಕ್ಕಿದ್ದರು.

ಎಲ್ಲರಲ್ಲೂ ಹೆಚ್ಚು ಕಂಡರೆ — ಅಳತೆಯಲ್ಲಿ ಕಮ್ಮಿ.

ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಹಗಲು ಹನ್ನೊಂದು ಗಂಟೆ, ಕೆಳಗೆ ಆಸ್ಪತ್ರೆಯ ಗದ್ದಲ. ಪರದೆಯ ಮೇಲಿನ ಆ ಮೆಟ್ಟಿಲುಗಳೆಲ್ಲ ಒಮ್ಮೆಗೇ ತಿರುಗಿ ನನ್ನ ಕಡೆ ನೋಡಿದ ಹಾಗಾಯಿತು. ಅದು ಅವರ ಯಾರ ಆಕಾರವೂ ಆಗಿರಲಿಲ್ಲ. ನನ್ನೊಳಗೆ ಇಲ್ಲದ ಒಂದು ತುಂಡಿನ ಆಕಾರ. ಒಂದೊಂದು ಮನೆಯ ರಕ್ತದಲ್ಲೂ, ಹೋದಲ್ಲೆಲ್ಲ, ನನ್ನ ಖಾಲಿ ಜಾಗ ಎದ್ದು ನಿಂತಿತ್ತು. ಪುಸ್ತಕ ತೆಗೆದು ನೋಡಿದೆ: ಹದಿನೈದರ ಆ ಜಾಗ ತುಂಡಾಗಿ ಬೀಳುವುದು ಗೊತ್ತಿದ್ದ ಸಂಗತಿಯೇ. ಸಂಬಂಧವೇ ಇಲ್ಲದ ಕುಟುಂಬಗಳಲ್ಲೂ ಅದೇ ಜಾಗದಲ್ಲಿ ಮುರಿಯುತ್ತದಂತೆ. ಕೆಲವರು ಅದನ್ನು ಹೊತ್ತೂ ಏನೂ ಆಗದೆ ಬದುಕುತ್ತಾರೆ. ಕೆಲವರಿಗೆ ಮಾತು ಬರುವುದಿಲ್ಲ. ಫಿಟ್ಸ್ ಬರುತ್ತದೆ.

ಅಪ್ಪು ಎಂದು ಬಾಯಿ ಬಿಟ್ಟು ಕರೆದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ನನ್ನ ದನಿ ನನಗೇ ಬೇರೆ ಯಾರದ್ದೋ ಎನಿಸಿತು.

ಅಲ್ಲಿಗೆ ನಾನು ಕೆಳಗಿಳಿದು ಹೋಗಿ ಮೇಡಂಗೆ ಹೇಳಬೇಕಿತ್ತು. ಮರುದಿನ ಹೇಳುವ ಎಂದುಕೊಂಡೆ. ಮರುದಿನ ಎರಡನೆಯ ಕಂತು ಬಂತು. ಅದರಲ್ಲಿ ನೀವು ಮೂವರೂ ಇದ್ದಿರಿ.

ನಿಮ್ಮ ಗೆರೆಯಲ್ಲಿ ಎಲ್ಲರ ಹಾಗೆ ಮೆಟ್ಟಿಲು ಇತ್ತು. ಅಂದರೆ ನಿಮ್ಮಲ್ಲಿ ಎರಡೂ ಪ್ರತಿ ಸರಿಯಾಗಿವೆ. ಚರಣನ ಗೆರೆ ಹದಿನೈದನೆಯದರ ಉದ್ದಕ್ಕೂ ಮಟ್ಟ. ಏರಿಲ್ಲ, ಇಳಿದಿಲ್ಲ. ಅಷ್ಟು ಜನರಲ್ಲಿ ಅವನೊಬ್ಬ ನನಗೆ ಸರಿಸಮ. ನನ್ನಲ್ಲಿ ಎಲ್ಲಿ ಇಲ್ಲವೋ ಅಲ್ಲಿಯೇ ಅವನಲ್ಲೂ ಇಲ್ಲ. ಖಾಲಿಯ ಪಕ್ಕ ಖಾಲಿಯನ್ನು ಇಟ್ಟರೆ ಗಣಿತಕ್ಕೆ ಏನೂ ಕಾಣುವುದಿಲ್ಲ. ಆ ಮಟ್ಟವಾದ ಗೆರೆಯನ್ನು ನೋಡುತ್ತಾ ಕೂತೆ. ಅದಕ್ಕಿಂತ ಹೆದರಿಕೆಯಾಗುವ ಚಿತ್ರವನ್ನು ನಾನು ಈವರೆಗೆ ನೋಡಿಲ್ಲ. ಕಣ್ಣರೆಪ್ಪೆಗೆ ಯಾರೋ ಊದಿದ ಹಾಗೆ — ಫ್ಯಾನಿನ ಗಾಳಿ ಇರಬೇಕು. ಫ್ಯಾನು ನಿಂತಿತ್ತೋ ತಿರುಗುತ್ತಿತ್ತೋ ನೆನಪಿಲ್ಲ. ನೆನಪು ಮಾಡಿಕೊಳ್ಳಲು ಹೋಗುವುದಿಲ್ಲ.

ನಂತರ ನಿಮ್ಮ ಯಜಮಾನರದ್ದು ತೆರೆದೆ. ಅದೂ ಮಟ್ಟ.

ಅಷ್ಟೇ, ಅಕ್ಕ. ಚರಣನಿಗೆ ಅದು ಬಂದದ್ದು ತಂದೆಯಿಂದ. ಯಾರ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ. ಅವರೂ ನನ್ನ ಹಾಗೆ, ಇದ್ದೂ ತಿಳಿಯದವರು. ಆದರೆ ನಿಮ್ಮಿಂದ ಅಲ್ಲ. ನೀವು ಬಸುರಿಯಾಗಿದ್ದಾಗ ಪಯಸ್ವಿನಿ ಹೊಳೆ ದಾಟಿ ಹೋದದ್ದರಿಂದ ಅಲ್ಲ, ಗ್ರಹಣದ ದಿನ ತರಕಾರಿ ಹೆಚ್ಚಿದ್ದರಿಂದ ಅಲ್ಲ, ನಿಮ್ಮ ತವರಿನ ರಕ್ತದಿಂದ ಅಲ್ಲ.

ಇದನ್ನು ಹೇಳಬೇಕಾದರೆ ಅಳತೆ ತಪ್ಪು ಎನ್ನಬೇಕು. ಅಳತೆ ತಪ್ಪು ಎಂದರೆ ಫಾರ್ಮು ಸುಳ್ಳು. ಫಾರ್ಮು ಸುಳ್ಳು ಎಂದರೆ — ಆ ಕುರ್ಚಿ ಹೋಗುತ್ತದೆ, ಮೇಡಂ ಮುಖ ತಿರುಗಿಸುತ್ತಾರೆ, ನನ್ನ ಹೆಸರಿನ ಮುಂದಿನ ಎಂ.ಎಸ್ಸಿ. ನಗೆಪಾಟಲಾಗುತ್ತದೆ. ಹಾಗೆ ಯೋಚಿಸಿದೆ. ಇದು ಸಮರ್ಥನೆ ಅಲ್ಲ. ಹೀಗೇ ಯೋಚಿಸಿದೆ ಎಂದು ನಿಮಗೆ ತಿಳಿಯಲಿ ಎಂದು ಬರೆದೆ.

ನಮ್ಮ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಒಂದು ಪಟ್ಟಿ ಇರುತ್ತದೆ. ಯಂತ್ರದ ದೋಷದಿಂದ ಎಲ್ಲರಲ್ಲೂ ತಪ್ಪಾಗಿ ಕಾಣುವ ಜಾಗಗಳನ್ನು ಅದರಲ್ಲಿ ಬರೆದಿಟ್ಟರೆ, ಅವನ್ನು ಬಿಟ್ಟು ಉಳಿದದ್ದನ್ನು ಮಾತ್ರ ನೋಡುತ್ತದೆ. ಹದಿನೈದರ ಆ ಜಾಗವನ್ನು ನಾನು ಪಟ್ಟಿಗೆ ಸೇರಿಸಿದೆ. ಒಂದು ಸಾಲು. ಗುಂಡಿ ಒತ್ತಿದೆ. ಅಷ್ಟೂ ಮಂದಿಯ ಮೆಟ್ಟಿಲು ಒಮ್ಮೆಗೇ ಮಾಯ. ನಾನು ಮಾಯ, ಅಪ್ಪು ಮಾಯ, ಚರಣನ ಕಾರಣ ಮಾಯ. ಅನಂತರ ನಿಮ್ಮ ವರದಿ ಬರೆದೆ.

ಅದನ್ನು ತೆಗೆದುಕೊಳ್ಳಲು ನೀವು ಅತ್ತೆಯ ಜೊತೆ ಆಸ್ಪತ್ರೆಗೆ ಬಂದಿರಿ. ಮೇಡಂ ವರದಿ ನೋಡಿ, ಏನೂ ಸಿಗಲಿಲ್ಲ, ಔಷಧಿ ಬಿಡಬೇಡಿ ಎಂದರು. ಹೊರಗೆ ಬೆಂಚಿನಲ್ಲಿ ನಿಮ್ಮ ಅತ್ತೆ ಎಲ್ಲರಿಗೂ ಕೇಳುವಂತೆ, ರಕ್ತದಲ್ಲಿ ಎಂತದೂ ಇಲ್ಲವಂತೆ, ಹಾಗಾದರೆ ಹೊಟ್ಟೆಯಲ್ಲಿಟ್ಟುಕೊಂಡವಳದ್ದೇ ದೋಷ ಎಂದು ಹೇಳುತ್ತಿದ್ದರು. ನೀವು ನನ್ನನ್ನು ಮೆಟ್ಟಿಲಿನ ಬದಿಗೆ ಕರೆದಿರಿ. ನನ್ನ ಕೈ ಹಿಡಿದಿರಿ.

“ತಂಗೀ, ನಿಂಗೆ ಇದೆಲ್ಲ ಗೊತ್ತುಂಟಲ್ಲ. ನನ್ನಿಂದ ಹೌದಾ? ಹೌದಾದ್ರೆ ಹೌದು ಹೇಳು, ನಂಗೆ ಬೇಜಾರಿಲ್ಲ.”

ನಾನು ಹೇಳಿದೆ: “ನಮ್ಮ ಗ್ರಾಫಿನಲ್ಲಿ ಎಂತದೂ ಇಲ್ಲ ಅಕ್ಕ.”

ನೀವು ಸ್ವಲ್ಪ ಹೊತ್ತು ಕಾದಿರಿ. ನಾನು ಇನ್ನೇನಾದರೂ ಹೇಳುತ್ತೇನೆಂದು. ಆಮೇಲೆ ಕೈ ಬಿಟ್ಟಿರಿ.

ಆ ವರ್ಷದ ಆಟಿಯಲ್ಲಿ ಮನೆಗೆ ಹೋಗಿದ್ದೆ. ಮುಸ್ಸಂಜೆ ಅಮ್ಮ ಒಳಗೆ ಎಲೆಗಳನ್ನು ಹಾಕಿ, ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದು ನನ್ನ ಪಕ್ಕ ಕೂತರು. ಹೋದವರು ಉಣ್ಣುವಷ್ಟು ಹೊತ್ತು ನಾವು ಹೊರಗಿರಬೇಕು, ಮಾತಾಡಬಾರದು. ಮಳೆ ಬಿಟ್ಟಿತ್ತು. ಮುಚ್ಚಿದ ಬಾಗಿಲಿನ ಹಿಂದೆ ಸ್ಟೀಲಿನ ಲೋಟ ಒಮ್ಮೆ ಸಣ್ಣಗೆ ಸದ್ದು ಮಾಡಿತು. ಬೆಕ್ಕು ಎನ್ನಲು ನಮ್ಮಲ್ಲಿ ಬೆಕ್ಕು ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಪಿಸುದನಿಯಲ್ಲಿ ಎಲ್ಲ ಹೇಳಿದೆ: ಫಾರ್ಮು, ‘ಇಲ್ಲ’ ಎಂಬ ಚೌಕ, ಅಪ್ಪು.

ಅಮ್ಮ ಬಾಗಿಲಿನ ಕಡೆ ನೋಡಿದರು. ಆಮೇಲೆ ಸಿಟ್ಟಿಲ್ಲದೆ ಕೇಳಿದರು: “ಇಲ್ಲ ಅಂತ ಬರ್ದಿಯಾ? ಹಾಗಾದ್ರೆ ನಾನು ಬಡಿಸುದು ಯಾರಿಗೆ ಮಾರಾಯ್ತಿ?”

ಎದ್ದು ಹೋಗಿ, ಬಾಗಿಲನ್ನು ಮೂರು ಸಲ ತಟ್ಟಿ, ಒಳಗಿನವರಿಗೆ ಏಳಲು ಸಮಯ ಕೊಟ್ಟು, ತೆರೆದರು. ನಾನು ಕೂತಲ್ಲಿಂದ ಏಳಲಿಲ್ಲ.

ಅಷ್ಟಾದ ಮೇಲೂ ಹೇಳಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಯೋಜನೆ ಮುಗಿಯಿತು. ನನಗೆ ಪುತ್ತೂರಿನಲ್ಲೇ ಒಂದು ಕಾಲೇಜಿನಲ್ಲಿ ಪಾಠದ ಕೆಲಸ ಸಿಕ್ಕಿತು. ಪ್ರತಿ ವರ್ಷ ಮಕ್ಕಳಿಗೆ, ಇದ್ದದ್ದನ್ನು ಇಲ್ಲ ಎನ್ನುವ ತಪ್ಪು ಒಂದು, ಇಲ್ಲದ್ದನ್ನು ಇದೆ ಎನ್ನುವ ತಪ್ಪು ಇನ್ನೊಂದು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆದು ತಿರುಗಿದಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಸಣ್ಣ ಹುಡುಗ ಕೂತಿದ್ದಾನೆ ಎಂದು ಕೆಲವು ಸಲ ಅನಿಸುತ್ತದೆ. ಇರುವುದಿಲ್ಲ.

ಕಳೆದ ತಿಂಗಳು ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನ್ನ ಮುಖಕ್ಕೆ ಬಾಗಿ ಕಣ್ಣಿಗೆ ಊದಿದರು. ನಾನು ಕಿರುಚಿದೆ. ನನಗಿಂತ ಸ್ವಲ್ಪವೇ ಕುಳ್ಳಗಿನ ಹುಡುಗ, ಮೀಸೆಯ ಚಿಗುರು ಬರುವ ಮೊದಲಿನ ಮುಖ. ಹಿಂದೆಯೇ ನೀವು ಓಡಿಬಂದಿರಿ.

“ಅವನಿಗೆ ನಿಮ್ಮ ನೆನಪುಂಟು,” ಎಂದು ನಕ್ಕಿರಿ. ನೀವು ಈಗ ಕಡಬದ ಹತ್ತಿರ ತವರಿನಲ್ಲಿ ಇದ್ದೀರಿ, ಬಂದು ನಾಲ್ಕು ವರ್ಷ ಆಯಿತು, ಯಜಮಾನರು ತಿಂಗಳಿಗೊಮ್ಮೆ ಬಂದು ಮಗನ ಔಷಧಿ ಕೊಟ್ಟು ಹೋಗುತ್ತಾರೆ ಎಂದು ಹೇಳಿದಿರಿ. ಮದುವೆಗೆಂದು ನಿಮ್ಮ ತಂಗಿಯನ್ನು ನೋಡಲು ಬಂದವರು ಒಪ್ಪಿ, ಆಮೇಲೆ ಚರಣನ ವಿಷಯ ಕೇಳಿ ಬೇಡವೆಂದದ್ದನ್ನೂ ಹೇಳಿದಿರಿ. ಎಲ್ಲವನ್ನೂ ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಿರಿ. ಕೊನೆಗೆ, “ನನ್ನ ರಕ್ತದ ದೋಷ, ಎಂತ ಮಾಡುದು” ಎಂದಿರಿ. ಮಳೆ ಬರುವ ಹಾಗುಂಟು ಎನ್ನುವವರ ದನಿಯಲ್ಲಿ. ನಿಮ್ಮ ಬಸ್ಸು ಬಂತು. ಚರಣ ಕಿಟಕಿಯ ಗಾಜಿಗೆ ಊದಿ, ಅದು ಮಬ್ಬಾಗುವುದನ್ನು ನೋಡುತ್ತಾ ಹೋದ.

ನಾನು ಬಯಸಿದ್ದು ಬೈಗುಳ. ನೀವು ಬೈದಿದ್ದರೆ ಇನ್ನೂ ನಾಲ್ಕು ವರ್ಷ ಸುಮ್ಮನಿರುತ್ತಿದ್ದೆನೋ ಏನೋ. ನೀವು ನನ್ನ ಸುಳ್ಳನ್ನು ನಂಬಿಕೊಂಡು, ಒಗ್ಗಿಸಿಕೊಂಡು, ಅದರೊಟ್ಟಿಗೆ ನಗುವುದನ್ನೂ ಕಲಿತಿದ್ದಿರಿ.

ಆ ದಿನವೇ ಮೇಡಂ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಉಳಿದ ಮಕ್ಕಳ ಪಟ್ಟಿ ತೆಗೆ ಎಂದರು, ಆ ಜಾಗವನ್ನು ಬಿಟ್ಟು ನೋಡಿದ ಒಬ್ಬೊಬ್ಬರದ್ದನ್ನೂ. ಹಳೆಯ ಅಂಕಿಗಳನ್ನು ಮತ್ತೆ ತೆರೆದೆವು. ಬೇರೆ ಯಾರ ಗೆರೆಯೂ ಅಲ್ಲಿ ಮಟ್ಟವಾಗಿರಲಿಲ್ಲ. ಚರಣನ, ನಿಮ್ಮ, ನಿಮ್ಮ ಯಜಮಾನರ ಉಳಿಸಿಟ್ಟ ರಕ್ತವನ್ನೂ, ಹೊಸದಾಗಿ ತೆಗೆದ ನನ್ನದನ್ನೂ ಇನ್ನೊಂದು ಲ್ಯಾಬಿಗೆ ಕಳಿಸಿದೆವು. ಅಲ್ಲಿಯವರ ಅಳತೆಯಲ್ಲಿ ಹಲವಾರು ಜನರಿದ್ದಾರೆ. ಉತ್ತರ ಬಂತು: ನನ್ನಲ್ಲಿ ಒಂದು ಪ್ರತಿ, ಚರಣನಲ್ಲಿ ಒಂದು, ಅವನ ತಂದೆಯಲ್ಲಿ ಒಂದು. ನಿಮ್ಮಲ್ಲಿ ಎರಡು.

ತಂದೆಯ ಫಲಿತಾಂಶ ಅವರದ್ದು, ಅವರಿಗೇ ಮೊದಲು ಹೇಳಬೇಕೆಂದು ಮೇಡಂ ನಿಮ್ಮ ಯಜಮಾನರನ್ನು ಕರೆಸಿದರು. ನಾನೂ ಇದ್ದೆ. ನನ್ನ ತಪ್ಪನ್ನು ನಾನೇ ಹೇಳಿದೆ. ಅವರು ಕೈಯ ಗ್ರೀಸು ಒರೆಸಿದ ಬಟ್ಟೆಯನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ತಾನು ಹುಟ್ಟುವ ಮೊದಲು ಒಬ್ಬ ಅಣ್ಣ ಇದ್ದನಂತೆ, ಹೆಸರು ಯಾರೂ ಹೇಳಲಿಲ್ಲ ಎಂದರು. ಎದ್ದು ಹೊರಡುವಾಗ ನನ್ನ ಕಡೆ ನೋಡದೆ ಹೇಳಿದರು: “ಅವಳಿಗೆ ನೀವು ಹೇಳಿ. ಅಮ್ಮನಿಗೆ ನಾನು ಹೇಳ್ತೇನೆ.” ಹೇಳಿದ್ದಾರೋ ಇಲ್ಲವೋ ನನಗೆ ತಿಳಿಯದು.

ಇದು ತಿಳಿದರೆ ಚರಣನಿಗೆ ಮಾತು ಬರುವುದಿಲ್ಲ, ಅಕ್ಕ. ಆ ಆಸೆ ಹುಟ್ಟಿಸುವುದಿಲ್ಲ. ಆದರೆ ಆರು ವರ್ಷದ ಹಿಂದೆ ತಿಳಿದಿದ್ದರೆ ನೀವು ಆ ಮನೆಯ ಜಗಲಿಯಲ್ಲಿ ತಲೆ ಎತ್ತಿ ಕೂರಬಹುದಿತ್ತು. ಇನ್ನೊಂದು ಮಗು ಬೇಕೋ ಬೇಡವೋ ಎಂದು ಹೆದರಿಕೆಯಿಂದಲ್ಲ, ತಿಳಿದು ನಿರ್ಧರಿಸಬಹುದಿತ್ತು. ಆ ಆರು ವರ್ಷವನ್ನು ನಾನು ತೆಗೆದುಕೊಂಡೆ. ಹಿಂದೆ ಕೊಡುವ ದಾರಿ ನನಗೆ ಗೊತ್ತಿಲ್ಲ.

ಸೋಮವಾರ ಬೆಳಿಗ್ಗೆ ಮೇಡಂ ನಿಮಗಾಗಿ ಹೊತ್ತು ಇಟ್ಟಿದ್ದಾರೆ. ಹೊಸ ವರದಿಯನ್ನು ನಾನೇ ನಿಮ್ಮ ಕೈಗೆ ಕೊಡುತ್ತೇನೆ. ನೀವು ಕರೆದರೆ ಅರಂತೋಡಿಗೆ ಬಂದು ನಿಮ್ಮ ಅತ್ತೆಯ ಎದುರೂ ಹೇಳುತ್ತೇನೆ. ನಿಮ್ಮ ತಂಗಿಯನ್ನು ಬೇಡವೆಂದವರ ಮನೆಯ ವಿಳಾಸವನ್ನು ಸರೋಜಕ್ಕ ಹುಡುಕಿ ಕೊಟ್ಟಿದ್ದಾರೆ. ಅಲ್ಲಿಗೆ ಬೇರೆ ಸೊಸೆ ಬಂದು ವರ್ಷ ಆಯಿತಂತೆ, ಈಗ ಹೋಗಿ ಎಂತ ಪ್ರಯೋಜನ ಎಂದು ಸರೋಜಕ್ಕನೇ ಕೇಳಿದರು. ಪ್ರಯೋಜನ ಇಲ್ಲ. ನಿಮ್ಮ ತಂಗಿ ಹೂಂ ಎಂದರೆ ಅಲ್ಲಿಗೂ ಹೋಗಿ ಹೇಳುತ್ತೇನೆ.